ಬೆರಣಿಯೊಳಗಿದ್ದ ಬೀಜ

ದೇವೀರಕ್ಕ,

ಮೊದಲು ತೋಟದ ಖರ್ಚು ಒಪ್ಪಿಸಿಬಿಡುತ್ತೇನೆ. ನಿಮ್ಮೂರು ಕ್ಯಾತನಹಳ್ಳಿಯಿಂದ ಬಂದ ನಾಲ್ಕು ಗಾಡಿ ಕೊಟ್ಟಿಗೆ ಗೊಬ್ಬರ, ನನ್ನ ಕ್ಯಾಂಟೀನಿನ ಮೂರು ವರ್ಷದ ತರಕಾರಿ ಸಿಪ್ಪೆ, ಎರಡು ಗುದ್ದಲಿ, ಹಾಸ್ಟೆಲು ಗುಡಿಸಿ ಗುಡಿಸಿ ಮೊದಲೇ ಸವೆದಿದ್ದ ನಿನ್ನ ಮಂಡಿ. ಇಷ್ಟನ್ನೂ ನುಂಗಿ ವಿಶ್ವವಿದ್ಯಾಲಯದ ಹಿಂದಿನ ಕಲ್ಲು ನೆಲ ತೋಟವಾಗಿತ್ತು. ನಾನದನ್ನು ಒಂದೇ ಬೆಳಿಗ್ಗೆ ಸುಟ್ಟೆ. ಹೇಗೆ ಅಂತೀಯಾ?

ನಿನ್ನ ತಿಥಿಯ ದಿನ ತೋಟದಲ್ಲೇ ಪಾಯಸ ಕಾಯಿಸಿ ಹಾಸ್ಟೆಲಿನ ಹುಡುಗರಿಗೆ ಬಡಿಸೋಣ ಎಂದವನು ನಾನೇ. ಸೌದೆ ಹಸಿ, ಬರೀ ಹೊಗೆ. ಗುದ್ದಲಿ ಇಡುವ ಶೆಡ್ಡಿನಲ್ಲಿ ಒಂದು ಮಂಕರಿ ಬೆರಣಿ ಕಂಡವು, ಅಂಗೈಯಗಲ, ಗರಿಗರಿ. ಒಲೆಗೆ ತುರುಕಿದೆ. ಚಟಚಟ ಸಿಡಿದವು. "ನೋಡ್ರಪ್ಪಾ, ದೇವೀರಕ್ಕ ತಟ್ಟಿದ್ ಬೆರಣಿ ಅಂದ್ರೆ ಇಂಗಿರ್ಬೇಕು!" ಎಂದು ಬೀಗಿದೆ.

ಅರಕೆರೆಯಿಂದ ಬಸ್ಸಿನಲ್ಲಿ ಬಂದು ಓದುವ ಪವಿತ್ರ, ನಿನ್ನ ಬಲಗೈ, ಓಡಿ ಬಂದಳು. "ಅಯ್ಯೋ ಅಣ್ಣಾ, ಏನ್ ಮಾಡ್ಬುಟ್ರಿ? ಕುಂಬ್ಳ, ಈರೆ, ಸೋರೆ, ಬೀಜ ಎಲ್ಲಾ ಅದ್ರೊಳ್ಗೇ ತಟ್ಟಿಟ್ಟಿತ್ತು ಅಕ್ಕ!"

ಹುಳು ಹತ್ತದಿರಲೆಂದು ಬೀಜವನ್ನು ಸಗಣಿಯಲ್ಲಿ ತಟ್ಟಿಡುತ್ತಾರೆಂದು ಕ್ಯಾಂಟೀನಿನವನಿಗೇನು ಗೊತ್ತು ಎಂದು ವಾದಿಸಬಹುದಿತ್ತು. ಆದರೆ ನಮ್ಮವ್ವನೂ ಗೋಡೆಗೆ ತಟ್ಟುತ್ತಿದ್ದಳಲ್ಲ. ಮರೆತಿದ್ದೆ. ನಿನ್ನ ತಿಥಿಯ ಪಾಯಸ ನಿನ್ನ ಬೀಜದ ಉರಿಯಲ್ಲೇ ಬೆಂದಿತು ಅಕ್ಕ. ಹುಡುಗರು ಎರಡೆರಡು ಸಲ ಹಾಕಿಸಿಕೊಂಡರು. ನಾನು ಮಾತ್ರ...

ಒಮ್ಮೆ ತರಕಾರಿ ಮಡಿ ಕಟ್ಟುತ್ತಾ ನೀನು ಹೇಳಿದ್ದೆ: "ಅಂಗ್ಡಿ ಬೀಜ ಈ ಮಣ್ಗೆ ಬೀಳ್ಬಾರ್ದು ಕಣ್ಲಾ, ಮಾತ್ ಕೊಟ್ಟಿವ್ನಿ." ನಾಟಿ ಬೀಜದ ಸಾವಯವ ತೋಟವೆಂದೇ ವಿಶ್ವವಿದ್ಯಾಲಯದವರು ನಿನಗೆ ಜಾಗ ಕೊಟ್ಟಿದ್ದರು. ಹಳೇ ಬೆಳೆ ಮುಗಿದಿತ್ತು, ಬಿತ್ತಲು ಬೀಜವಿಲ್ಲ. ತಿಂಗಳ ಕೊನೆಗೂ ಮಡಿ ಬರಿದಾಗಿದ್ದರೆ ಅಲ್ಲಿ ಕಾರು ನಿಲ್ಲಿಸುತ್ತೇವೆಂದು ಆಫೀಸಿನಿಂದ ಕಾಗದ ಬಂತು. ಪಾಂಡವಪುರದ ಬೀಜದಂಗಡಿಗೆ ಓಡಿದೆ. "ಅಸ್ರು ಕಂಡ್ರೆ ಸಾಕಲ್ವೇನ್ಲಾ, ಬೀಜದ್ ಜಾತಿ ಯಾವನ್ ಕೇಳ್ತಾನೆ?" ಎಂದು ಅಂಗಡಿಯವನು ನಕ್ಕ. ಮಡಿಯಂಚಿನಲ್ಲಿ ಕೂತು ಪೊಟ್ಟಣ ಒಡೆದರೆ, ಔಷಧಿ ಬಳಿದ ಗುಲಾಬಿ ಬಣ್ಣದ ಬೀಜ. ಸುತ್ತ ಯಾರೂ ಇರಲಿಲ್ಲ. ಬಾಯಿಮಾತಿನಿಂದಲೇ ಬದುಕು ಕಟ್ಟಿದವನು ನಾನು, ಯಾರನ್ನು ಬೇಕಾದರೂ ಒಪ್ಪಿಸಬಲ್ಲೆ. ನಿನ್ನನ್ನು ಹೇಗೆ ಒಪ್ಪಿಸಲಿ?

ಪೊಟ್ಟಣ ಮಡಿಚಿ ಜೇಬಿಗಿಟ್ಟುಕೊಂಡೆ. ಪವಿತ್ರಳೂ ನಾನೂ ಗಂಜಾಂ ತನಕ ಮನೆಮನೆ ಅಲೆದೆವು. ನೀನು ಬೀಜ ಹಂಚಿದ್ದವರೆಲ್ಲ ಈಗ ಅಂಗಡಿ ಪೊಟ್ಟಣಕ್ಕೇ ಜೋತುಬಿದ್ದಿದ್ದರು. ಕೊನೆಗೆ ಪವಿತ್ರಳ ಅಜ್ಜಿಯ ಮಡಕೆಯ ತಳದಲ್ಲಿ ನೀನೇ ಕೊಟ್ಟಿದ್ದ ಏಳು ಕುಂಬಳದ ಬೀಜ ಸಿಕ್ಕವು. ಓಡಿ ಬಂದೆವು. ಅಷ್ಟರಲ್ಲಿ ಗಡುವು ಮುಗಿದು, ಜೆಸಿಬಿ ನಿನ್ನ ಮಡಿಗಳನ್ನು ಮಟ್ಟ ಮಾಡಿ ನಿಂತಿತ್ತು. ತಡೆಯಲು ಇನ್ನೇನೂ ಉಳಿದಿರಲಿಲ್ಲ. ಶೆಡ್ಡಿನಿಂದ ನಿನ್ನ ಗುದ್ದಲಿ ತಂದು ಪವಿತ್ರಳ ಕೈಗಿಟ್ಟೆ ಅಕ್ಕ!

ಇನ್ನು ಯಾರಿಗೆ ಏನು ದಕ್ಕಿತು, ಕೇಳು. ಆಫೀಸಿನವರಿಗೆ ಕಾರು ನಿಲ್ಲಿಸಲು ಜಾಗ. ಹುಡುಗರಿಗೆ ಒಂದು ಹೊತ್ತಿನ ಪಾಯಸ. ಪವಿತ್ರಳಿಗೆ ನಿನ್ನ ಗುದ್ದಲಿ. ನನಗೆ ಏಳು ಬೀಜ. ಐದನ್ನು ಕ್ಯಾಂಟೀನಿನ ಹಿಂದೆ ಊರಿ ಹನ್ನೆರಡು ದಿನವಾಯಿತು, ಒಂದೂ ಎದ್ದಿಲ್ಲ. ಉಳಿದೆರಡನ್ನು ಸಗಣಿಯಲ್ಲಿ ತಟ್ಟಿ ಗೋಡೆಗೆ ಅಂಟಿಸಿದ್ದೇನೆ, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ.