ಒಂದು ಕಾಗೆ, ಒಂದು ಕಲ್ಲು

ಬುಧವಾರ ಬೆಳಿಗ್ಗೆ,
ಹೊಲಿಗೆ ಮೆಷಿನ್ ಪಕ್ಕದಿಂದ

ನನ್ನ ಗಿರಗಿಟ್ಲೆ ಮಗಳಿಗೆ ಅಮ್ಮನಿಂದ ಮೊದಲು ಒಂದು ಮುದ್ದು, ಆಮೇಲೆ ಒಂದು ಗುದ್ದು.

ಈ ಪತ್ರವನ್ನೂ ಊಟದ ಡಬ್ಬಿಯನ್ನೂ ತಂದುಕೊಟ್ಟವರು ನಿಮ್ಮಪ್ಪ. ನೀನು ಡ್ಯೂಟಿ ಮಾಡುವ ಠಾಣೆಯ ಬಾಗಿಲಲ್ಲಿ ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಮುಖ ಮಾಡಿಕೊಂಡು ನಿಂತಿರುತ್ತಾರೆ. ಮೊದಲು ಬೆಂಚಿನ ಮೇಲೆ ಕೂರಿಸಿ ನೀರು ಕೊಡು. ಆಮೇಲೆ ಈ ಪತ್ರ ಪೂರ್ತಿ ಓದು. ಓದಿ ಮುಗಿಸುವವರೆಗೆ ಬಾಯಿ ತೆರೆಯಬೇಡ, ನಿನಗೆ ಅದು ಕಷ್ಟ ಅಂತ ಗೊತ್ತು, ಆದರೂ ತೆರೆಯಬೇಡ.

ಫೋನ್ ಇರುವಾಗ ಪತ್ರ ಯಾಕೆ ಅಂತ ಕೇಳುತ್ತೀಯ. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ಮುಂದಕ್ಕೆ ಓದದೆ ನನಗೇ ಬೈಯುತ್ತಾ ಕೂರುತ್ತೀಯ.

ಹೋದ ಗುರುವಾರ ಸಂಜೆ ನೀನು ಮನೆಗೆ ಫೋನ್ ಮಾಡಿ ಹೇಳಿದ ಕಥೆ ನೆನಪಿದೆಯಲ್ಲ? ಯಾವುದೋ ಅಂಗಡಿಯಲ್ಲಿ ಇಬ್ಬರು ಒಂದು ಕುರ್ಚಿಗಾಗಿ ಹೊಡೆದಾಡುತ್ತಿದ್ದಾರೆ ಅಂತ ಮಧ್ಯಾಹ್ನ ಒಂದು ಗಂಟೆಗೆ ವೈರ್‌ಲೆಸ್‌ನಲ್ಲಿ ಕರೆ ಬಂತು. ನೀನು ಸೈರನ್ ಹಾಕಿ ಜೀಪನ್ನು ನೂರಿಪ್ಪತ್ತರಲ್ಲಿ ಬಿಟ್ಟೆ. ಹೆದ್ದಾರಿಯಲ್ಲಿ ಗಾಡಿಗಳು ಸಾಲುಗಟ್ಟಿ ತೆವಳುತ್ತಿದ್ದವು ಅಂತ ಬಿಳಿ ಗೆರೆ ದಾಟಿ ರಸ್ತೆಯಂಚಿಗೆ ಇಳಿಸಿದೆ, ಅಲ್ಲೂ ವೇಗ ಕಡಿಮೆ ಮಾಡಲಿಲ್ಲ. ತಿರುವು ಕಳೆದರೆ ಎದುರಿಗೇ ನಿಂತ ಲಾರಿಯ ಬೆನ್ನು! ಸ್ಟೀರಿಂಗ್ ಕಿತ್ತು ತಿರುಗಿಸಿದೆ. ಲಾರಿಯ ಹಿಂದಿನ ದೀಪ ಒಡೆಯಿತು, ಜೀಪಿನ ಎಡಗನ್ನಡಿ ಹಾರಿಹೋಯಿತು, ನೀನು ನಿಲ್ಲಿಸದೆ ಹೋದೆ. ಅಷ್ಟು ಮಾಡಿ ಅಂಗಡಿಗೆ ಹೋದರೆ ಜಗಳವಾಡಿದವರಿಬ್ಬರೂ ಅದೇ ಕುರ್ಚಿಯ ಎರಡು ಕೈಗಳ ಮೇಲೆ ಕೂತು ಟೀ ಕುಡಿಯುತ್ತಿದ್ದರಂತೆ! ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಅಂತ ನೀನು ನಕ್ಕೆ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಿಕೊಂಡು ಗೊರಕೆ ಹೊಡೆಯುತ್ತಿದ್ದ ಆ ಕುಂಭಕರ್ಣ ಕೈಗೆ ಸಿಕ್ಕಿದ್ದರೆ ಕಿವಿ ಹಿಂಡಿ ಎಬ್ಬಿಸುತ್ತಿದ್ದೆ ಅಂತ ನೀನು ಬೈದೆ. ಸರಿಯಾಗಿ ಹೇಳಿದೆ ಮಗಳೇ ಅಂತ ನಾನು ತಾಳ ಹಾಕಿದೆ.

ಕನ್ನಡಿಗೆ ಏನಾಯಿತು ಅಂತ ಸಾಹೇಬರು ಕೇಳಿದ್ದಕ್ಕೆ ಕಲ್ಲು ಬಡಿಯಿತು ಅಂದೆನಮ್ಮಾ ಅಂತ ಕೊನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದೆಯಲ್ಲ, ಅದು ಮಾತ್ರ ನನಗೆ ಚುಚ್ಚಿತು. ಮುಂದಿನ ತಿಂಗಳು ತರಬೇತಿ ಶಾಲೆಯಲ್ಲಿ ಹೊಸಬರಿಗೆ ಗಾಡಿ ಕಲಿಸುವವರ ಪಟ್ಟಿ ಬರುತ್ತದೆ, ಅದರಲ್ಲಿ ನಿನ್ನ ಹೆಸರಿದೆ, ನಿಜ ಹೇಳಿದರೆ ಹೋಗುತ್ತದೆ ಅಂತ ಹೆದರಿದ್ದೀಯ. ನನಗೆ ಅರ್ಥವಾಗುತ್ತದೆ. ಆ ಪಟ್ಟಿಗಾಗಿ ನೀನು ಎಷ್ಟು ವರ್ಷ ಕಾದಿದ್ದೀಯ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ನಮ್ಮ ಮನೆಯ ಕಥೆ ಕೇಳು. ಅದೇ ಗುರುವಾರ ನಿಮ್ಮಪ್ಪನ ಲಾರಿ ರಿಪೇರಿಗೆ ಹೋಗಿತ್ತು. ಲಾರಿ ಯಜಮಾನರ ಇನ್ನೊಂದು ಲಾರಿ, ನೀನು ನೋಡಿರದ ನೀಲಿಯದು, ತೆಗೆದುಕೊಂಡು ಹೋಗಿದ್ದರು. ಸಂಜೆ ಬಂದವರು ನನ್ನ ಮುಖ ನೋಡದೆ, ದಾರಿಯಲ್ಲಿ ಕಾಗೆ ಬಡಿದು ಹಿಂದಿನ ದೀಪ ಒಡೆಯಿತು ಅಂದರು. ಕಾಗೆ ಹಿಂದಿನಿಂದ ಬಂದು ಬಡಿಯಿತೇ ಅಂದೆ. ಹೂಂ, ಅವಸರದ ಕಾಗೆ ಅಂದರು.

ಶುಕ್ರವಾರ ಮೆಕ್ಯಾನಿಕ್ ನಟ್ಟು ಮಾಮ ಮನೆಗೆ ಬಂದ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ನಿನಗೂ ಗೊತ್ತು. ಒಡೆದ ಕೆಂಪು ಗಾಜನ್ನು ನನ್ನ ಮೆಷಿನ್ ಮೇಲಿಟ್ಟು, ಅತ್ತಿಗೆ, ನಿಮ್ಮ ಕಾಗೆ ಮೈಗೆ ಬಿಳಿ ಪೇಂಟ್ ಬಳಿದುಕೊಂಡಿತ್ತಾ, ಲಾರಿಯ ಮೂಲೆಯುದ್ದಕ್ಕೂ ಮೆತ್ತಿಕೊಂಡಿದೆ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಅನ್ನುವ ಹಾಗೆ, ಒಳಗಿದ್ದ ನಿಮ್ಮಪ್ಪ ಯಾರೂ ಕೇಳದೆಯೇ ಓಡಿಬಂದು, ಅದು ಪೊಲೀಸ್ ಜೀಪಲ್ಲ, ಪೊಲೀಸ್ ಜೀಪಲ್ಲ ಅಂದರು!

ಪೊಲೀಸ್ ಜೀಪು. ಬಿಳಿ ಪೇಂಟ್. ಗುರುವಾರ. ಒಂದು ಗಂಟೆ. ನನ್ನ ಕಾಲು ಮೆಷಿನ್ನಿನ ಪೆಡಲ್ ಮೇಲಿಂದ ಜಾರಿತು. ಕುಂಭಕರ್ಣ ಅಂತ ಬೈದು ನನ್ನಿಂದಲೂ ತಾಳ ಹಾಕಿಸಿದೆಯಲ್ಲ ಮಗಳೇ, ಆ ಕುಂಭಕರ್ಣ ಈಗ ನಿನ್ನ ಎದುರಿನ ಬೆಂಚಿನ ಮೇಲೆ ಕೂತಿದ್ದಾರೆ, ಹಾಗೆ ದುರುಗುಟ್ಟಿ ನೋಡಬೇಡ.

ಅದು ನಿನ್ನ ಜೀಪು ಅಂತ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಸಿಕ್ಕಿಬಿದ್ದ ಸಿಟ್ಟಿಗೆ ಬಾಯಿಬಿಟ್ಟರು. ಅದೇನು ಓಡಿಸುವುದು, ಒಂದು ಗೇಣು ಈಚೆ ಬಂದಿದ್ದರೆ ಜೀಪು ಲಾರಿಯ ಅಡಿಗೆ ಸೇರುತ್ತಿತ್ತು, ಯಾವ ರಾಕ್ಷಸನಿಗೆ ಹುಟ್ಟಿದ್ದೋ ಅದು ಅಂದರು. ಆ ರಾಕ್ಷಸ ನೀವೇ ಕಣ್ರೀ ಅಂದೆ.

ನಟ್ಟು ಮಾಮ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ನಿಮ್ಮಪ್ಪ ನೆಲದ ಮೇಲೆ, ನಾನು ಹೊಲಿಯುತ್ತಿದ್ದ ಟಾರ್ಪಾಲಿನ ಮೇಲೆಯೇ ಕೂತುಬಿಟ್ಟರು. ಒಂದು ಗೇಣು, ಒಂದು ಗೇಣು ಅಂತ ಕೈ ಅಗಲಿಸಿ ನೋಡಿಕೊಂಡು ಅತ್ತರು. ನಾನೂ ಅತ್ತೆ. ನನಗೆ ಇರುವುದು ನೀವಿಬ್ಬರೇ ಕಣೇ. ಒಬ್ಬರ ಗಾಡಿಗೆ ಇನ್ನೊಬ್ಬರು ಬಲಿಯಾಗಿದ್ದರೆ ನಾನು ಯಾರ ಮೇಲೆ ಕೋಪ ಮಾಡಿಕೊಂಡು ಬದುಕಬೇಕಿತ್ತು? ತುಂಬ ಹೊತ್ತಾದ ಮೇಲೆ ಅವರು ಮೂಗು ಒರೆಸಿಕೊಂಡು, ಆದರೂ ನೂರಿಪ್ಪತ್ತರಲ್ಲಿ ಅಷ್ಟು ಚೊಕ್ಕವಾಗಿ ತಪ್ಪಿಸಿದಳಲ್ಲ, ಕೈ ನನ್ನದೇ ಅಂದರು. ನಟ್ಟು ಮಾಮ ಅದಕ್ಕೇ ಕಾದಿದ್ದವನ ಹಾಗೆ ಭೋರೆಂದು ನಕ್ಕ. ಮೂವರೂ ಪಕ್ಕದ ಮನೆಯವರು ಬಂದು ಇಣುಕುವಷ್ಟು ನಕ್ಕೆವು. ಮೈಯೆಲ್ಲ ಹಗುರಾಯಿತು.

ಆ ನಗು ಇನ್ನೂ ನಿಂತಿಲ್ಲ. ಟಾರ್ಪಾಲಿನ ಅಂಚಿಗೆ ಹಾಕುವ ಹೊಳೆಯುವ ಪಟ್ಟಿ ನನ್ನ ಹತ್ತಿರ ತುಂಡು ತುಂಡಾಗಿ ಉಳಿದಿತ್ತಲ್ಲ, ಅದನ್ನೆಲ್ಲ ಕೆಂಪು ಬಟ್ಟೆಗೆ ಹೊಲಿದು ಲಾರಿಯ ಹಿಂದೆ ನೇತುಹಾಕುವ ಹಾಗೆ ಮಾಡಿದೆ. ನೂರು ಹೆಜ್ಜೆ ಆಚೆಯಿಂದ ದೀಪ ಬಿದ್ದರೂ ಫಳಫಳ ಅನ್ನುತ್ತದೆ. ಡ್ರೈವರುಗಳು ಅದಕ್ಕೆ ಅತ್ತಿಗೆಯ ಬಾಲ ಅಂತ ಹೆಸರಿಟ್ಟಿದ್ದಾರೆ, ಮಾನಗೆಟ್ಟವರು. ಇಷ್ಟರಲ್ಲೇ ಹದಿನಾಲ್ಕು ಲಾರಿಗೆ ಬಾಲ ಬಂದಿದೆ. ಬಾಲ ಇದೆ ಅಂತ ಎಲ್ಲೆಂದರಲ್ಲಿ ನಿಲ್ಲಿಸಿದರೆ ಅದೇ ಬಾಲದಲ್ಲಿ ಬಾರಿಸುತ್ತೇನೆ ಅಂತಲೂ ಹೇಳಿದ್ದೇನೆ. ನಿಮ್ಮಪ್ಪ ಈಗ ನಿಲ್ಲಿಸುವುದಾದರೆ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಮಾತ್ರ.

ಅವರು ಯಜಮಾನರ ಹತ್ತಿರ ಹೋಗಿ ಕಾಗೆಯ ಕಥೆ ಸುಳ್ಳು ಅಂತ ಒಪ್ಪಿಕೊಂಡರು. ಈಗ ಉಳಿದಿರುವುದು ನಿನ್ನ ಕಲ್ಲು. ಡಬ್ಬಿ ಕೊಡುವುದು ನೆಪ, ಅವರು ಬಂದಿರುವುದು ನಿನ್ನ ಜೊತೆ ಸಾಹೇಬರ ಕೋಣೆಗೆ ಬರುವುದಕ್ಕೆ. ತಿರುವಿನಲ್ಲಿ ಲಾರಿ ನಿಲ್ಲಿಸಿದ್ದು ನನ್ನ ತಪ್ಪು ಅಂತ ಮೊದಲು ಅವರೇ ಹೇಳುತ್ತಾರೆ. ಆಮೇಲೆ ನಿನ್ನ ಸರದಿ. ನಿನ್ನ ಹೆಸರು ಪಟ್ಟಿಯಿಂದ ಹೋದರೆ ಹೋಗಲಿ, ಮನೆಗೆ ಬಾ, ಕಟ್ಟಿಕೊಂಡು ಅಳೋಣ. ಉಳಿದರೆ ಹೊಸ ಮಕ್ಕಳಿಗೆ ನಿನ್ನ ಮೊದಲ ಪಾಠ ಆ ಕುರ್ಚಿಯ ಕಥೆಯೇ ಆಗಲಿ. ಜೀವ ಉಳಿಸುವ ಕೆಲಸಕ್ಕೂ ಜೀವ ಇಟ್ಟುಕೊಂಡೇ ಹೋಗಬೇಕು ಅಂತ ಹೇಳಿಕೊಡು. ನೀನು ಹೇಳಿದರೆ ಅವರು ನಂಬುತ್ತಾರೆ.

ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಂಡಲು ಕಾದಿರುವ,
ನಿನ್ನ ಅಮ್ಮ

ತಾ.ಕ.: ಫೋನಿನ ಮಾತು ಉಳಿಯಿತು. ಹಗ್ಗ ಬಿಗಿ ಮಾಡಲು ನಿಲ್ಲಿಸಿದ್ದೆ ಅಂತ ಅಪ್ಪ ಸಾಹೇಬರಿಗೆ ಹೇಳುತ್ತಾರೆ. ನಂಬಬೇಡ, ನನ್ನನ್ನು ಉಳಿಸಲು ಹೇಳುವ ಸುಳ್ಳು ಅದು. ಗಾಡಿ ಓಡಿಸುತ್ತಾ ಫೋನ್ ಎತ್ತಬಾರದು ಅಂತ ಅವರಿಂದ ಆಣೆ ಹಾಕಿಸಿಕೊಂಡವಳು ನಾನು. ದಿನಾ ಒಂದು ಗಂಟೆಗೆ ಸರಿಯಾಗಿ ಫೋನ್ ಮಾಡುವವಳೂ ನಾನೇ, ಎತ್ತದಿದ್ದರೆ ಸಂಜೆಯವರೆಗೆ ಮುಖ ಊದಿಸಿಕೊಳ್ಳುವವಳೂ ನಾನೇ. ಅದಕ್ಕೇ ಪಾಪ, ಫೋನ್ ಬಡಿದುಕೊಂಡ ಕೂಡಲೇ ಎಲ್ಲಿದ್ದರೆ ಅಲ್ಲೇ ಅಂಚಿಗೆ ಇಳಿಸಿ ನಿಲ್ಲಿಸುತ್ತಿದ್ದರು. ಆ ಗುರುವಾರವೂ ಅಷ್ಟೇ. ಠಪ್ ಅಂದ ಸದ್ದು ನನ್ನ ಕಿವಿಗೂ ಬಿತ್ತು. ಏನದು ಅಂದೆ, ಕಾಗೆ ಅಂದರು. ಕಾಗೆಯನ್ನು ಅಲ್ಲಿಗೇ ಬಿಟ್ಟು, ಊಟಕ್ಕೆ ಉಪ್ಪು ಸರಿಯಾಗಿತ್ತಾ ಅಂತ ಕೇಳಿದೆ. ಅವರನ್ನು ಆ ತಿರುವಿನಲ್ಲಿ ನಿಲ್ಲಿಸಿದ್ದು ಈ ಪ್ರಶ್ನೆಗೆ ಕಣೇ! ಸಾಹೇಬರಿಗೆ ಇದನ್ನೂ ಹೇಳು. ಅವತ್ತಿನಿಂದ ಫೋನ್ ಮುಟ್ಟಲು ಮನಸ್ಸಿಲ್ಲ, ಅದಕ್ಕೇ ಈ ಪತ್ರ. ಇವತ್ತಿನ ಡಬ್ಬಿಯಲ್ಲಿ ಉಪ್ಪು ಹೇಗಿದೆ ಅಂತ ನಾನು ಫೋನ್ ಮಾಡಿ ಕೇಳುವುದಿಲ್ಲ. ಸಂಜೆ ಇಬ್ಬರೂ ನಿಧಾನವಾಗಿ ಮನೆಗೆ ಬಂದು ಹೇಳಿ.