ಕರಗುವ ನೆಲದ ಗೋರಿಗಳು

ಕೆಂಡಲ್ ಪಾರ್ಕ್, ನ್ಯೂಜೆರ್ಸಿ
16 ನವೆಂಬರ್ 2025

ಪ್ರೀತಿಯ ಲಾಸ್ಯಾ,

ಹೇಗಿದ್ದೀಯ? ಅಲಾಸ್ಕದಲ್ಲಿ ಈಗ ಹಗಲು ತೀರಾ ಕುಗ್ಗಿರಬೇಕು. ನಾನು ಮನೆಗೆ ಬಂದು ತಿಂಗಳಾದರೂ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಯಾರಾದರೊಬ್ಬ ಆಂಟಿ ಊಟದ ಡಬ್ಬಿ ಹಿಡಿದು ಬರುತ್ತಿದ್ದರು.

ನಮ್ಮ ನಕ್ಷೆಗಳನ್ನು ಪ್ರೊಫೆಸರಿಗೆ ಕಳಿಸಿದ್ದೇನೆ. ಹಳ್ಳಿಯ ಉಳಿದ ಗೋರಿಗಳನ್ನೂ ಮುಂದಿನ ಬೇಸಿಗೆಯಲ್ಲಿ ನಾವು ಆರಿಸಿದ ದಿಬ್ಬಕ್ಕೇ ಸಾಗಿಸುತ್ತಾರಂತೆ. ನಾವು ಓದುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದರೆ ಹುಲ್ಲುಹಾಸು, ಕಾರಂಜಿ ಎಂದುಕೊಂಡಿದ್ದ ಅಪ್ಪನಿಗೆ ಮೊನ್ನೆ ಎಲ್ಲ ಹೇಳಿದೆ. ನೆಲದೊಳಗಿನ ಹಳೆಯ ಮಂಜುಗಡ್ಡೆ ಕರಗಿ ಹಳ್ಳಿಯ ದಂಡೆ ಕುಸಿಯುವುದು, ಶವಪೆಟ್ಟಿಗೆಗಳು ಸಮುದ್ರಕ್ಕೆ ಜಾರುವುದು, ಗಾಳಿ ಎಲ್ಲಿ ಹಿಮ ಒಟ್ಟುತ್ತದೆಂದು ನೋಡಿ ನೋಡಿ ನಾವು ಜಾಗ ಹುಡುಕಿದ್ದು. ಎಂದೋ ತೀರಿಕೊಂಡ ತನ್ನ ಮಗುವಿನ ಪೆಟ್ಟಿಗೆಯನ್ನು ಯಾರಿಗೂ ಕೊಡದೆ ಎದೆಗವಚಿಕೊಂಡು ದಿಬ್ಬ ಹತ್ತಿದ ಆ ಮುದುಕಿಯ ಬಗ್ಗೆ ಹೇಳುವಾಗ ಅಪ್ಪ ಎದ್ದು ಗರಾಜಿಗೆ ಹೋದರು.

ಅಮ್ಮ ಹೋದ ಸುದ್ದಿ ಬಂದ ಮೇಲೂ ಬಿರುಗಾಳಿಯಿಂದಾಗಿ ವಿಮಾನವಿಲ್ಲದೆ ದಿನಗಟ್ಟಲೆ ಕಾದೆನಲ್ಲ, ಅಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿತ್ತು. ನ್ಯೂಅರ್ಕ್ ವಿಮಾನ ನಿಲ್ದಾಣದಿಂದ ಅಣ್ಣ ಸುಮೀತ್ ಕಾರಿನಲ್ಲಿ ಕರೆತಂದ. ಮನೆಯಲ್ಲಿ ಅಪ್ಪನೇ ಹೇಳಿದರು: "ಎಷ್ಟ್ ದಿನಾ ಅಂತ ಆಕಿನ್ನ ಫ್ರಿಜ್ಜಿನಾಗ ಇಡ್ಲೆವ್ವಾ? ಆಕಿಗೆ ಥಂಡಿ ತಡೀತಿರಲಿಲ್ಲ."

ನಮ್ಮಲ್ಲಿ ಸುಡುವುದಿಲ್ಲ, ಹೂಳುವುದು. ಮರುದಿನ ಅಪ್ಪ ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದರು. ಹೆದ್ದಾರಿಯ ಪಕ್ಕ ಸಮತಟ್ಟಾದ ಹುಲ್ಲು, ಅದರಲ್ಲಿ ಒಂದು ಕಡೆ ಮಾತ್ರ ಹಸಿಮಣ್ಣು. ಅಳು ಬರಲಿಲ್ಲ. ಅಭ್ಯಾಸಬಲದಿಂದ ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡುತ್ತಿದ್ದೆ. ಏನು ನೋಡುತ್ತೀ ಎಂದು ಅಪ್ಪ ಕೇಳಿದರು.

"ನೆಲ ಗಟ್ಟಿ ಇದೆಯಾ ಅಂತ."

"ಗಟ್ಟಿ ಐತಿ. ದಿನಾ ಬಂದು ನೋಡ್ತೀನಿ."

ಕೋರ್ಸಿಗೆ ಮರಳುತ್ತೇನೋ ಇಲ್ಲವೋ ತಿಳಿಯದು. ಅಪ್ಪ ಅಡುಗೆಮನೆಗೆ ಕಾಲಿಡುತ್ತಿಲ್ಲ. ನೀನು ಬೂಟು ಪೂರ್ತಿ ಒಣಗಿಸಿಯೇ ಹಾಕಿಕೋ, ದಂಡೆಯ ಕಡೆ ಒಬ್ಬಳೇ ಹೋಗಬೇಡ. ನಿನ್ನ ಓದು ಚೆನ್ನಾಗಿ ಮುಗಿಯಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಷಯಾ

ತಾ.ಕ.: ಅಮ್ಮನ ಕ್ಯಾನ್ಸರ್ ವಿಷಯ ನಿನಗೆ ಆಗಸ್ಟಿನಲ್ಲೇ ಗೊತ್ತಿತ್ತೆಂದು ಅಣ್ಣ ಹೇಳಿದ. ಅಮ್ಮನೇ ಫೋನ್ ಮಾಡಿ, "ಆಕಿ ಕೆಲಸ ಮುಗೀಲಿ, ಹೇಳಬ್ಯಾಡ" ಎಂದು ನಿನ್ನಿಂದ ಆಣೆ ಮಾಡಿಸಿಕೊಂಡಿದ್ದರಂತೆ. ಅಪ್ಪ, ಅಣ್ಣ ಕೂಡ ಮುಚ್ಚಿಟ್ಟರು. ಅವರನ್ನು ಬಿಟ್ಟು ನಾನು ಎಲ್ಲಿಗೂ ಹೋಗುವಂತಿಲ್ಲ. ಆದರೆ ನೀನು ಅಷ್ಟೂ ದಿನ ಒಂದೇ ಕೋಣೆಯಲ್ಲಿ, ನನ್ನ ಪಕ್ಕದಲ್ಲೇ ಮಲಗುತ್ತಿದ್ದೆ, ಲಾಸ್ಯಾ. ಕ್ರಿಸ್‌ಮಸ್ ರಜೆಗೆ ಇಲ್ಲಿಗೆ ಬರಬೇಡ.