ಯೆರ್ಪಾಳನ್ನು ಗೆಲ್ಲಿಸಿದ ಮಾತು

ಓಸ್ಟರ್‌ಸುಂಡ್, ಸ್ವೀಡನ್
ಸೋಮವಾರ, 15 ಆಗಸ್ಟ್ 1994

ನನ್ನ ಮುದ್ದಿನ ಹಟಮಾರಿ ಸಿನ್ನೊವೆಗೆ, ನಿನಗಿಂತ ಒಂದು ಕೈ ಹೆಚ್ಚೇ ಹಟಮಾರಿಯಾದ ಅಪ್ಪನ ನೆನಪುಗಳು.

ನಾನಿಲ್ಲಿ ಕ್ಷೇಮ. ಸೊಂಟ ಸ್ವಲ್ಪ ಗೊಣಗುತ್ತಿದೆ. ಅದಕ್ಕೆ ರೈಲಿನ ಸೀಟು ಕಾರಣ ಎಂದು ನಿನ್ನ ಅಮ್ಮನಿಗೆ ಹೇಳಿದ್ದೇನೆ, ಕೇಳಿದರೆ ನೀನೂ ಹಾಗೇ ಹೇಳು. ಫೋನು ಮಾಡಬಹುದಿತ್ತು. ಆದರೆ ಇಲ್ಲಿಗೆ ಬಂದ ಮೇಲೆ ಮಾಡಿದಾಗಲೆಲ್ಲ ಗ್ಲಿಮಾಳ ಹೆಸರು ಎತ್ತಿದ ಕೂಡಲೇ ನೀನು ರಿಸೀವರ್ ಇಟ್ಟುಬಿಟ್ಟೆ. ಕಾಗದದ ಬಾಯಿ ಹಾಗೆ ಮುಚ್ಚಿಸಲಾಗುವುದಿಲ್ಲ. ಒಲೆಗೆ ಹಾಕುವುದಾದರೂ ನೀನು ಪೂರ್ತಿ ಓದಿಯೇ ಹಾಕುತ್ತೀಯ, ನಿನ್ನ ಗುಣ ನನಗೆ ಗೊತ್ತು.

ಹೊರಡುವ ಹಿಂದಿನ ದಿನ ಲಾಯದ ಬಾಗಿಲಲ್ಲಿ ಆಡಿದ ಜಗಳವೂ ನನ್ನ ಜೊತೆಗೇ ರೈಲು ಹತ್ತಿ ಬಂದಿದೆ. ಗ್ಲಿಮಾಳನ್ನು ಮರಿಯಿಂದ ಸಾಕಿದವಳು ನೀನು, ಬಂಡಿಗೆ ಪಳಗಿಸಿದವಳು ನೀನು. ಬರುವ ಭಾನುವಾರ ನಮ್ಮೂರ ದೊಡ್ಡ ಬಂಡಿ ಓಟದಲ್ಲಿ ಅವಳ ಹಿಂದೆ ಕೂರುವವಳೂ ನೀನೇ ಎಂದು ಊರೆಲ್ಲ ತಿಳಿದಿತ್ತು. ನಾನು ಆಗುವುದಿಲ್ಲ ಎಂದೆ. ಆ ಹೆಣ್ಣುಕುದುರೆ ಬೆಂಕಿ, ಅದಕ್ಕೆ ಗಟ್ಟಿ ಕೈ ಬೇಕು, ಬೇರೆಯವರು ಕೂರುತ್ತಾರೆ ಎಂದೆ. ಯಾರು ಆ ಬೇರೆಯವರು ಎಂದು ನೀನು ಕೇಳಿದೆ. ನಾನು ಬಾಯಿ ಬಿಡಲಿಲ್ಲ. "ಪಕ್ಕದ ಲಾಯದ ಷೆಟಿಲ್ ತಾನೇ? ಅವನು ಗಂಡಸು, ಅವನ ಕೈ ಕೈ. ನಂದೇನು ಸೌಟಾ?" ಅಂತ ಕೂಗಿದೆ. ಶಾಂತ, ಶಾಂತ ಎಂದು ಬೆದರಿದ ಕುದುರೆಯ ಕಿವಿಯಲ್ಲಿ ಹೇಳುವ ಮಾತೇ ನನ್ನ ಬಾಯಿಗೆ ಬಂತು. "ರೂಲಿ, ಸಿನ್ನೊವೆ, ರೂಲಿ" ಎಂದೆ. ನೀನು ಬಕೆಟ್ಟನ್ನು ಗೋಡೆಗೆ ಎಸೆದು, "ಆ ರೂಲಿ ನಿನ್ನ ಕುದುರೆಗಿಟ್ಕೋ ಅಪ್ಪ, ನನಗೆ ಬೇಡ" ಅಂದು ಹೊರಟುಹೋದೆ. ಬಕೆಟ್ಟಿಗೆ ಬಿರುಕು ಬಿಟ್ಟಿದೆ, ಅದರಲ್ಲಿ ನೀರು ತುಂಬಬೇಡ.

ಇರಲಿ, ಇಲ್ಲಿನ ವಿಷಯ ಬರೆಯುತ್ತೇನೆ. ಮೈದಾನದ ಹಬ್ಬಕ್ಕೆ ಹಳೆಯ ಕಾಲದಲ್ಲಿ ಗೆದ್ದವರನ್ನೆಲ್ಲ ಕರೆದಿದ್ದರು ಎನ್ನುವುದು ನಿನಗೆ ಗೊತ್ತು. ಹೂಗುಚ್ಛ ಕೊಟ್ಟು ಕಾರಿನಲ್ಲಿ ಒಂದು ಸುತ್ತು ಕರೆದೊಯ್ಯುತ್ತಾರೆ, ಅಷ್ಟೇ ಎಂದು ನಿಮ್ಮಿಬ್ಬರಿಗೂ ಹೇಳಿ ಬಂದಿದ್ದೆ. ಅಷ್ಟೇ ಆಗಿರಲಿಲ್ಲ. ಮುದುಕರಿಗಾಗಿ ಒಂದು ಓಟವನ್ನೂ ಇಟ್ಟಿದ್ದರು, ಅದು ನನಗೆ ಮೊದಲೇ ತಿಳಿದಿತ್ತು. ಕುದುರೆ ಕಂಡರೆ ಕಾಲುನೋವು ಎನ್ನುತ್ತಾರೆ. ನನ್ನದು ಉಲ್ಟಾ, ಕುದುರೆ ಕಂಡರೆ ಇರುವ ನೋವೂ ಮಾಯ. ಹೊಸ ಸೊಂಟ ಹಾಕಿದ ಡಾಕ್ಟರಿಗೂ ನಿನ್ನ ಅಮ್ಮನಿಗೂ ಇನ್ನು ಬಂಡಿ ಹತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ಸ್ವೀಡನ್ನಿನಲ್ಲಿ ಹತ್ತುವುದಿಲ್ಲ ಎಂದು ಹೇಳಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೈದಾನಕ್ಕೆ ಕಾಲಿಟ್ಟಾಗ ಎದೆ ಹಗುರಾಯಿತು. ಹಳೆಯ ಮರದ ಗ್ಯಾಲರಿ ಹೋಗಿದೆ, ಲಾಯಗಳಿಗೆ ತಗಡಿನ ಮಾಡು ಬಂದಿದೆ. ಆದರೆ ಕೊನೆಯ ತಿರುವು ಅದೇ ತಿರುವು. ಅಲ್ಲಿ ಬೇಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ.

ನಾನು ಇಲ್ಲಿ ಗೆಲ್ಲಿಸಿದ ಕುದುರೆ ಯೆರ್ಪಾಳ ಕಥೆ ನೀನು ತೊಟ್ಟಿಲಿನಿಂದಲೇ ಕೇಳಿದವಳು. ಆದರೂ ಇನ್ನೊಂದು ಸಲ ಕೇಳಬೇಕು, ಯಾಕೆಂದರೆ ನಿನ್ನೆಯಿಂದ ಅದು ಬೇರೆ ಕಥೆ. 1961ರಲ್ಲಿ ನಾನು ಯಾರದೋ ಕುದುರೆಯನ್ನು ನೋಡಿಕೊಳ್ಳುವ ಆಳಾಗಿ ಇಲ್ಲಿಗೆ ಬಂದಿದ್ದೆ. ಓಟದ ಹೊತ್ತಿಗೆ ಯೆರ್ಪಾಳ ಬಂಡಿ ಹೊಡೆಯಬೇಕಾದವನ ಕೈ ಊದಿಕೊಂಡಿತ್ತು. ಅವಳ ಯಜಮಾನ ವಾಲ್ಫ್ರಿಡ್ ಲಾಯದ ಸಾಲಿನಲ್ಲಿ ಓಡಾಡುತ್ತ ಯಾರಾದರೂ ಕೂರುತ್ತೀರಾ ಎಂದು ಕೂಗುತ್ತಿದ್ದ. ಒಬ್ಬರೂ ಮುಂದೆ ಬರಲಿಲ್ಲ. ನಾನು ಕೈ ಎತ್ತಿದೆ. ಲಗಾಮು ಕೊಡುತ್ತ ಅವನು ಒಂದೇ ಮಾತು ಹೇಳಿದ, "ಅವಳು ರೂಲಿ, ಭಾರೀ ರೂಲಿ" ಅಂತ. ಶಾಂತ ಸ್ವಭಾವದವಳು ಎಂದ ಮೇಲೆ ಎಳೆದು ಹಿಡಿಯುವುದೇಕೆ ಎಂದು ನಾನು ಲಗಾಮು ಸಡಿಲ ಬಿಟ್ಟು, ಶಿಳ್ಳೆ ಹಾಕುತ್ತ ಕೂತೆ. ಅವಳು ಕುಕ್ಕುಲೋಟ ತಪ್ಪದೆ, ತಲೆ ಬಾಗಿಸಿ, ಎಲ್ಲರನ್ನೂ ಹಿಂದೆ ಹಾಕಿ ಗೆದ್ದಳು. ಮರುದಿನ ಇಲ್ಲಿನ ಪೇಪರಿನಲ್ಲಿ ನಾರ್ವೆಯವನ ಮಾಂತ್ರಿಕ ಕೈ ಎಂದು ಬರೆದರು. ಅಂದಿನಿಂದ ನಾನು ಕೈಯುಳ್ಳವನು. ಆ ಹೆಸರಿನ ಮೇಲೇ ನಮ್ಮ ಲಾಯ ಎದ್ದಿತು. ಕೈ ಎನ್ನುವುದು ವರ್ಷಗಳಿಂದ ಬರುತ್ತದೆ ಮಗಳೇ, ಕಾಯಬೇಕು ಎಂದು ನಿನಗೆ ಎಷ್ಟು ಸಲ ಪಾಠ ಹೇಳಿಲ್ಲ.

ನಿನ್ನೆಯ ಓಟದಲ್ಲಿ ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದವನ ಹೆಸರು ಗುಬ್ಬೆ. ಇವರ ಮಾತಿನಲ್ಲಿ ಗುಬ್ಬೆ ಎಂದರೆ ಮುದುಕಪ್ಪ. ಇಡೀ ಮೈದಾನದಲ್ಲೇ ಸಾಧು ಪ್ರಾಣಿ, ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಸುತ್ತಿಸುವ ಕುದುರೆ. ನನಗೆ ಅದು ಗೊತ್ತಿತ್ತು. ಆದರೂ ಕೂತ ಕೂಡಲೇ ನನ್ನ ಕೈಗಳು ಲಗಾಮನ್ನು ಬಿಗಿಹಿಡಿದವು. ಸಡಿಲಿಸು ಎಂದು ನಾನೇ ಹೇಳುತ್ತಿದ್ದೇನೆ, ಕೈ ಕೇಳುತ್ತಿಲ್ಲ. ಪಾಪ ಮುದುಕಪ್ಪ ಎರಡು ಸಲ ಕತ್ತು ಒದರಿದ, ಬಾಯಿ ತೆರೆದ, ಹಿಂತಿರುಗಿ ನೋಡಲೂ ಪ್ರಯತ್ನಿಸಿದ. ಕೊನೆಯ ತಿರುವಿನಲ್ಲಿ ಅವನಿಗೂ ಸಾಕಾಗಿ ನಾಗಾಲೋಟ ಕಿತ್ತ. ಕುಕ್ಕುಲೋಟ ಬಿಟ್ಟವನಿಗೆ ಈ ಓಟದಲ್ಲಿ ಜಾಗವಿಲ್ಲ, ಪಕ್ಕಕ್ಕೆ ತೆಗೆದುಕೊಂಡೆ. ನಾರ್ವೆಯ ಅತಿಥಿ ಓಟದಿಂದ ಹೊರಗೆ ಎಂದು ಧ್ವನಿವರ್ಧಕದಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಯಿತು ಸಿನ್ನೊವೆ.

ಕಾಫಿ ಅಂಗಡಿಯ ಬೆಂಚಿನಲ್ಲಿ ವಾಲ್ಫ್ರಿಡ್ ಕಾಯುತ್ತಿದ್ದ. ಎಂಬತ್ತು ದಾಟಿದ್ದಾನೆ, ನಾಲಗೆಗೆ ಮಾತ್ರ ಇನ್ನೂ ಹರೆಯ. "ಏನಪ್ಪಾ ನಾರ್ವೆ, ನಮ್ಮ ಮುದುಕಪ್ಪ ಹುಟ್ಟಿದಾಗಿಂದ ಅಷ್ಟು ಜೋರಾಗಿ ಓಡಿರಲಿಲ್ಲ. ನಿನ್ನ ಕೈಗೆ ಸಿಕ್ಕಿ ಹುಡುಗ ಆಗ್ಬಿಟ್ಟ ನೋಡು" ಎಂದು ಸ್ವಾಗತಿಸಿದ. ತೆಳು ರೊಟ್ಟಿಗೆ ಬೆಣ್ಣೆ ಸವರಿ ನನ್ನ ಮುಂದಿಟ್ಟ. ಆಮೇಲೆ ತಾನಾಗಿಯೇ ಯೆರ್ಪಾಳ ಮಾತು ತೆಗೆದ. "ಅವತ್ತು ನಾನು ಅಷ್ಟು ಹೇಳ್ದೆ, ಅವಳು ರೂಲಿ ಕಣೋ ಅಂತ. ಆದ್ರೂ ನೀನು ಲಗಾಮನ್ನ ಬಟ್ಟೆ ಒಣಹಾಕೋ ಹಗ್ಗದ ಥರ ಜೋತುಬಿಟ್ಕೊಂಡು ಹೋದೆಯಲ್ಲ. ಎದೆ ಅಂದ್ರೆ ನಿಂದಪ್ಪ" ಎಂದ. ನೀನು ರೂಲಿ ಅಂದದ್ದಕ್ಕೇ ತಾನೇ ಬಿಟ್ಟದ್ದು ಎಂದೆ. ಅವನು ಬಟ್ಟಲು ಕೆಳಗಿಟ್ಟ. "ರೂಲಿ ಅಂದ್ರೆ ನೀನು ಏನಂದ್ಕೊಂಡೆ?" ಎಂದು ಕೇಳಿದ. ಶಾಂತ ಅಂತ, ಇನ್ನೇನು ಎಂದೆ.

ಅವನು ನಗಲು ಶುರುಮಾಡಿದವನು ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಳ್ಳುವವರೆಗೂ ನಿಲ್ಲಿಸಲಿಲ್ಲ. ನಮ್ಮ ನಾರ್ವೆ ಮಾತಿನಲ್ಲಿ ರೂಲಿ ಎಂದರೆ ಶಾಂತ, ಸ್ವೀಡರ ಬಾಯಲ್ಲಿ ತಮಾಷೆ, ಮೋಜು. ಅವನು ನನಗೆ ಹೇಳಿದ್ದು, ಇವಳು ಭಾರೀ ತಮಾಷೆಯವಳು, ಇವಳ ಆಟ ಒಂದೆರಡಲ್ಲ, ಹುಷಾರು ಎಂದು. ಆ ಬೇಸಿಗೆಯಲ್ಲಿ ಇಬ್ಬರನ್ನು ಬೇಲಿಯಾಚೆ ಎಸೆದಿದ್ದಳಂತೆ. ಊದಿದ ಕೈಯೂ ಅವಳದೇ ಉಪಕಾರವಂತೆ. ಗಡಿ ಹತ್ತಿರದ ನಾರ್ವೆಯವರಿಗೆ ಈ ಎರಡರ್ಥ ಅಂಬೆಗಾಲಿನಲ್ಲೇ ಗೊತ್ತು. ನಮ್ಮ ಕಡಲ ಸೀಮೆಯವನಿಗೆ ಆಗ ಎಲ್ಲಿ ಗೊತ್ತಿರಬೇಕು? ಟೀವಿಯಲ್ಲಿ ಸ್ವೀಡರ ಮಾತು ಕೇಳತೊಡಗಿದ ಮೇಲೆ ನನಗೂ ತಿಳಿಯಿತು. ಆದರೆ ಅದನ್ನು ಆ ದಿನದ ಮಾತಿಗೆ ಹೊಂದಿಸಿ ನೋಡಲು ಈ ಮಂಡೆಗೆ ಹೊಳೆಯಲಿಲ್ಲ.

ನಗು ನಿಂತ ಮೇಲೆ ವಾಲ್ಫ್ರಿಡ್ ಮೆಲ್ಲಗೆ ಹೇಳಿದ: "ಹೆದರಿದವರೆಲ್ಲ ಅವಳನ್ನ ಎಳೆದು ಹಿಡಿದ್ರು, ಅದಕ್ಕೇ ಅವಳು ಕುಣಿದಳು. ಹೆದರದೆ ಕೂತವನು ನೀನೊಬ್ಬನೇ. ಯಾಕೆ ಹೆದರಲಿಲ್ಲ ಅಂತ ಇವತ್ತು ಗೊತ್ತಾಯ್ತು ಬಿಡು."

ನಿನ್ನೆ ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿದೆ. ಮೊದಮೊದಲು ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಜೀವಮಾನವೆಲ್ಲ ಮೆರೆಸಿದ ಕೈ, ಕೊನೆಗೆ ನೋಡಿದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದು. ಆಮೇಲೆ ನನಗೂ ನಗು ಬಂತು. ಆಮೇಲೆ ನೀನು ನೆನಪಾದೆ.

ಗ್ಲಿಮಾ ಬೆಂಕಿ ಎಂದು ಊರಿಗೆಲ್ಲ ಹೇಳಿದವನು ನಾನು. ನಿನ್ನ ಬಾಯಲ್ಲಿ ಆ ಮಾತು ಒಂದು ದಿನವೂ ಬಂದಿಲ್ಲ. ನೀನು ಅವಳ ಗೊರಸು ಕೆರೆಯುವಾಗ ಅವಳು ನಿನ್ನ ಹೆಗಲ ಮೇಲೆ ಗಲ್ಲವಿಟ್ಟು ತೂಕಡಿಸುವುದನ್ನು ನಾನೇ ಎಷ್ಟು ಸಲ ನೋಡಿದ್ದೇನೆ. ನನಗಿದ್ದದ್ದು ನಿನ್ನ ಕೈಯ ಮೇಲೆ ಅನುಮಾನವಲ್ಲ ಮಗಳೇ, ಭಯ. ಕಳೆದ ವರ್ಷ ಬಂಡಿಗೆ ಬಂಡಿ ತಾಗಿ ನೀನು ಬಿದ್ದೆಯಲ್ಲ, ಆಗ ಎಲ್ಲರೂ ನಿನ್ನತ್ತ ಓಡಿದರು, ನಾನೊಬ್ಬ ಬೇಲಿ ಹಿಡಿದು ನಿಂತೇ ಇದ್ದೆ. ಅಂದಿನಿಂದ ಈ ಕೈಗಳು ಬಿಗಿಯಾದವು, ಕುದುರೆಯ ಮೇಲೂ ನಿನ್ನ ಮೇಲೂ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತೀಯ. ಅನ್ನು, ಆದರೆ ಭಾನುವಾರ ಇನ್ನೂ ಬಂದಿಲ್ಲ.

ಭಾನುವಾರ ಗ್ಲಿಮಾಳ ಹಿಂದೆ ನೀನೇ ಕೂರು. ನಾನು ಶನಿವಾರ ಸಂಜೆಯ ರೈಲಿಗೆ ಬರುತ್ತೇನೆ. ಓಟದ ಹೊತ್ತಿಗೆ ಅಮ್ಮನ ಪಕ್ಕ ಬೇಲಿಯ ಹತ್ತಿರ ಇರುತ್ತೇನೆ, ಒಂದು ಸಲಹೆಯನ್ನೂ ಕೊಡುವುದಿಲ್ಲ. ನಿನಗೆ ಬೇಡವಾದ ಆ ಮಾತನ್ನು ಮಾತ್ರ ಇನ್ನೊಂದು ಸಲ ಹೇಳಲು ಬಿಡು. ರೂಲಿ, ಸಿನ್ನೊವೆ. ಈ ಸಲ ಸ್ವೀಡರ ಅರ್ಥದಲ್ಲಿ.

ನಿನ್ನನ್ನು ನೋಡಲು ಕಾದಿರುವ ಅಪ್ಪ,
ಇಂಗ್ವಾಲ್ಡ್

ಮರೆತ ಮಾತು: ಷೆಟಿಲ್ ಸಿಕ್ಕರೆ ಮುಖ ತಿರುಗಿಸಬೇಡ, ಅವನಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ. ಓಟದ ಪಟ್ಟಿಗೆ ನಾನು ಕೊಟ್ಟಿದ್ದ ಹೆಸರು ನನ್ನದೇ. ಇಲ್ಲಿಗೆ ಬಂದದ್ದೂ ಈ ಕೈ ಇನ್ನೂ ನಡೆಯುತ್ತದೆಯೇ ಎಂದು ಯಾರಿಗೂ ತಿಳಿಯದಂತೆ ನೋಡಿಕೊಳ್ಳಲು. ಇವತ್ತು ಬೆಳಿಗ್ಗೆ ನಮ್ಮೂರ ಮೈದಾನದ ಆಫೀಸಿಗೆ ಫೋನು ಮಾಡಿ ನಿನ್ನ ಹೆಸರು ಬರೆಸಿದೆ. ಇಂಗ್ವಾಲ್ಡ್ ಬದಲು ಸಿನ್ನೊವೆ, ಕಾರಣ ಏನಂತ ಬರ್ಕೊಳ್ಳಲಿ ಎಂದು ಅಲ್ಲಿಯ ಹುಡುಗಿ ಕೇಳಿದಳು. ಮುದುಕನ ಕೈ ತೀರಾ ಗಟ್ಟಿ ಎಂದು ಬರೆದುಕೋ ಎಂದೆ.